ಯಾದಗಿರಿ ಎಂದು ಕೂಗಿದವನು

ಆ ಭಾನುವಾರ ಬೆಳಿಗ್ಗೆ ಯಾದಗಿರಿ ಜಿಲ್ಲೆ ಗಾಳಿಗೆ ಬಂದಿತ್ತು. ಹೀಗೆಂದರೆ ಹ್ಯಾಮ್ ರೇಡಿಯೊ ಬಳಗದವರಿಗೆ ಮಾತ್ರ ಅರ್ಥವಾದೀತು. ನಾವು ಸರ್ಕಾರದಿಂದ ಪರವಾನಗಿ ಪಡೆದು, ಮನೆಯ ಮೇಲೆ ತಂತಿ ಕಟ್ಟಿ, ಸ್ವಂತ ರೇಡಿಯೊದಿಂದ ಊರೂರಿನ ಹವ್ಯಾಸಿಗಳೊಡನೆ ಮಾತನಾಡುವವರು. ನಮ್ಮ ಸಂಘ ಒಂದು ಪ್ರಶಸ್ತಿ ಕೊಡುತ್ತದೆ. ರಾಜ್ಯದ ಪ್ರತಿ ಜಿಲ್ಲೆಯಿಂದ ಒಬ್ಬರನ್ನಾದರೂ ಗಾಳಿಯಲ್ಲಿ ಸಂಪರ್ಕಿಸಿದವರಿಗೆ ಹಿತ್ತಾಳೆಯ ಒಂದು ಫಲಕ. ಕೇಳುವುದಕ್ಕೆ ಸುಲಭ, ಆದರೆ ಕೆಲವು ಜಿಲ್ಲೆಗಳಿಂದ ವರ್ಷಗಟ್ಟಲೆ ಯಾರೂ ಕೂಗುವುದಿಲ್ಲ. ಯಾರಾದರೂ ರೇಡಿಯೊ ಹೊತ್ತುಕೊಂಡು ಅಲ್ಲಿಗೆ ಹೋಗಿ ಕೂಗಬೇಕು. ಆಗ ಉಳಿದವರೆಲ್ಲ ಮುಗಿಬೀಳುತ್ತಾರೆ.

ಅರ್ಜಿಗಳನ್ನು ಪರಿಶೀಲಿಸಿ ಸರಿ ಅಥವಾ ತಪ್ಪು ಎನ್ನುವ ಕೆಲಸ ನನ್ನದು. ವಾರವೆಲ್ಲ ಪಾಲಿಟೆಕ್ನಿಕ್‌ನ ಲ್ಯಾಬಿನಲ್ಲಿ ಪಾಠ, ರಜೆಯಲ್ಲಿ ಇದು. ಸಂಪರ್ಕವೆಂದರೆ ಏನು ಎನ್ನುವ ನಿಯಮವನ್ನು ಬರೆದವಳೂ ನಾನೇ. ಇಬ್ಬರೂ ಪರವಾನಗಿಯಲ್ಲಿ ಕೊಟ್ಟ ಒಬ್ಬರಿನ್ನೊಬ್ಬರ ಕರೆಸಂಕೇತ ಕೇಳಿಸಿಕೊಂಡಿರಬೇಕು, ಸಿಗ್ನಲ್ ಹೇಗೆ ಬರುತ್ತಿದೆ ಎಂದು ತಿಳಿಸಿರಬೇಕು, ಇದು ತಮ್ಮ ಎಷ್ಟನೆಯ ಸಂಪರ್ಕ ಎನ್ನುವ ಸಂಖ್ಯೆಯನ್ನು ಕೊಟ್ಟು ತೆಗೆದುಕೊಂಡಿರಬೇಕು. ಎಲ್ಲವೂ ಗಾಳಿಯಲ್ಲೇ. ಫೋನಿನ ಸಹಾಯ ಕೂಡದು. ಯಾವ ಜಿಲ್ಲೆ ಎಂದು ಹೇಳುತ್ತಾರೋ ಆ ಜಿಲ್ಲೆಯಲ್ಲೇ ಕೂತಿರಬೇಕು.

ಆ ದಿನ ಯಾದಗಿರಿಯಿಂದ ಕೂಗುತ್ತಿದ್ದವನನ್ನು ಬಳಗದಲ್ಲಿ ಎಲ್ಲರೂ ಸಂಚಾರಿ ಎನ್ನುತ್ತಿದ್ದೆವು. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯವನು. ಸ್ವಂತ ಟೆಂಪೊದಲ್ಲಿ ಯಾತ್ರಿಕರನ್ನು ಕರೆದೊಯ್ಯುತ್ತಿದ್ದ. ಅವರು ದರ್ಶನಕ್ಕೆ ಹೋದಾಗ ಟೆಂಪೊದ ಪಕ್ಕದಲ್ಲೊಂದು ಕಂಬ ನಿಲ್ಲಿಸಿ, ತಂತಿ ಎಳೆದು, ಯಾರಿಗೂ ಸಿಗದ ಜಿಲ್ಲೆಗಳನ್ನು ನಮಗೆ ಕೊಡುತ್ತಿದ್ದ. ಎಷ್ಟೋ ಮನೆಗಳ ಗೋಡೆಯ ಮೇಲಿನ ಫಲಕಗಳಲ್ಲಿ ಅವನ ಪಾಲಿದೆ. ಅವನಿಂದ ಯಾವ ಪುರಾವೆಯನ್ನೂ ನಾವು ಕೇಳುತ್ತಿರಲಿಲ್ಲ.

ದೇವನಹಳ್ಳಿಯ ನನ್ನ ಮನೆಯ ಮಹಡಿಯಲ್ಲಿ ಕೂತು ಕೇಳುತ್ತಿದ್ದೆ. ಧಾರವಾಡ, ಉಡುಪಿ, ಮೈಸೂರು, ಎಲ್ಲ ಕಡೆಯಿಂದಲೂ ಅವನಿಗಾಗಿ ಕೂಗು. ಆ ಗದ್ದಲದ ನಡುವೆ ವಿಜಯಪುರದ ಮೇಷ್ಟ್ರ ದನಿಯೂ ಬಂತು. ಅದು ನಮ್ಮ ತಾಲ್ಲೂಕಿನ, ರೇಷ್ಮೆ ನೂಲು ತೆಗೆಯುವ ವಿಜಯಪುರ. ಮೇಷ್ಟ್ರು ನಿಜವಾಗಿ ಮೇಷ್ಟ್ರಲ್ಲ, ನಿವೃತ್ತ ವೈರ್‌ಲೆಸ್ ಆಪರೇಟರ್. ನನಗೂ ಸಂಚಾರಿಗೂ ಈ ಭಾಗದ ಇನ್ನೆಷ್ಟೋ ಮಂದಿಗೂ ಚುಕ್ಕೆ ಗೆರೆಗಳ ಮೋರ್ಸ್ ಸಂಕೇತ ಕಲಿಸಿದವರು, ಅದಕ್ಕೇ ಆ ಹೆಸರು. ಶ್ವಾಸಕೋಶ ಕೆಟ್ಟು ಮನೆಯಿಂದ ಹೊರಗೆ ಬರುವುದನ್ನು ನಿಲ್ಲಿಸಿದ್ದರು. ಅವರಿಗೆ ಬಾಕಿ ಉಳಿದಿದ್ದ ಒಂದೇ ಜಿಲ್ಲೆ ಯಾದಗಿರಿ.

ಸಂಚಾರಿ ಅವರನ್ನು ಕರೆದು ಸಂಖ್ಯೆ ಕೊಟ್ಟ. ಮೇಷ್ಟ್ರು ತಮ್ಮದನ್ನು ಕೊಟ್ಟರು. ಮರುಕ್ಷಣವೇ ನನ್ನ ಫೋನ್ ರಿಂಗಾಯಿತು, ಮೇಷ್ಟ್ರೇ.

"ಸಿಕ್ತು ಕಣಮ್ಮ! ಕೊನೇದೂ ಸಿಕ್ತು! ಎಷ್ಟು ಚೆನ್ನಾಗಿ ಬಂದ ಅಂತೀಯ, ಪಕ್ಕದ ರೂಮಲ್ಲಿ ಕೂತು ಮಾತಾಡ್ದಂಗಿತ್ತು."

ಉಸಿರು ಸಾಲದೆ ಅಲ್ಲಿಗೇ ನಿಲ್ಲಿಸಿದರು. ನಾನೂ ಖುಷಿಪಟ್ಟೆ. ಫೋನಿಟ್ಟು ಮತ್ತೆ ಕೇಳತೊಡಗಿದೆ. ಆಗಲೇ ಬ್ಯಾಂಡ್, ಅಂದರೆ ನಾವೆಲ್ಲ ಮಾತಾಡುವ ಅಲೆಗಳ ಹರವು, ಸತ್ತುಹೋಯಿತು.

ನಮ್ಮ ಅಲೆಗಳು ದೂರದೂರಿಗೆ ಹೋಗುವುದು ಆಕಾಶದ ಮೇಲ್ಪದರಕ್ಕೆ ತಗುಲಿ ಕೆಳಗೆ ಬಾಗುವುದರಿಂದ. ಸೂರ್ಯನಲ್ಲಿ ದೊಡ್ಡ ಸ್ಫೋಟವಾದರೆ, ಹಗಲು ಹೊತ್ತಿನಲ್ಲಿ, ಆ ಅಲೆಗಳನ್ನು ಆಕಾಶವೇ ನುಂಗಿಬಿಡುತ್ತದೆ. ಒಂದು ಗಳಿಗೆಯ ಹಿಂದೆ ಕಿವಿ ತುಂಬಿದ್ದ ದನಿಗಳು ಒಂದೊಂದಾಗಿ ಕರಗಿ ಹೋಗುತ್ತವೆ. ಅಂದು ಹಾಗೇ ಆಯಿತು. ಧಾರವಾಡ ಹೋಯಿತು, ಉಡುಪಿ ಹೋಯಿತು, ಮೈಸೂರೂ ಹೋಯಿತು. ಬರೀ ಮೌನ.

ಆ ಮೌನದಲ್ಲಿ ಸಂಚಾರಿಯ ದನಿ ಮಾತ್ರ ಉಳಿದಿತ್ತು.

"ಹಲೋ, ಯಾರಾದ್ರೂ ಕೇಳಿಸ್ಕೊಳ್ತಿದ್ದೀರಾ? ಯಾದಗಿರಿಯಿಂದ ಕೂಗ್ತಿದ್ದೀನಿ. ಎಲ್ರೂ ಎಲ್ಲೋದ್ರಪ್ಪಾ?"

ಮೈಕಿನ ಗುಂಡಿಯ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ಸಿಗ್ನಲ್ ಅಳೆಯುವ ಮೀಟರಿನ ಮುಳ್ಳು ನೋಡಿದೆ. ಒಂದಿಷ್ಟೂ ಅಲ್ಲಾಡದೆ ನಿಂತಿತ್ತು. ಆಕಾಶಕ್ಕೆ ತಗುಲಿ ಬರುವ ಸಿಗ್ನಲ್ ಏರುತ್ತದೆ, ಇಳಿಯುತ್ತದೆ, ಉಸಿರಾಡುತ್ತದೆ. ನೆಲವನ್ನು ಸವರಿಕೊಂಡು ಹತ್ತಿರದಿಂದ ಬರುವ ಸಿಗ್ನಲ್ ಮಾತ್ರ ಹೀಗೆ ನಿಂತಿರುತ್ತದೆ. ಆಕಾಶವೇ ಮುಚ್ಚಿರುವಾಗ ಯಾದಗಿರಿಯಿಂದ ದೇವನಹಳ್ಳಿಗೆ ಬರಲು ಅವನಿಗೆ ದಾರಿ ಇರಲಿಲ್ಲ. ಅವನು ಬಹಳ ಹೊತ್ತು ಕೂಗಿದ.

ಮೇಷ್ಟ್ರ ಅರ್ಜಿ ಆ ವಾರವೇ ಬಂತು. ಜೊತೆಗೆ ಸಂಘದ ಅಧ್ಯಕ್ಷರ ಫೋನು. "ಬೇಗ ಪಾಸ್ ಮಾಡಮ್ಮ. ಅವರ ಮನೆಗೇ ಹೋಗಿ ಕೊಟ್ಟು ಬರೋಣ. ಆರೋಗ್ಯ ಅಷ್ಟಕ್ಕಷ್ಟೆ."

ಅನುಮಾನವನ್ನು ಯಾರಿಗೂ ಹೇಳಲಿಲ್ಲ. ಕಿವಿಗೆ ಕೇಳಿಸಿದ್ದು, ಕಣ್ಣಿಗೆ ಕಂಡ ಮುಳ್ಳು, ಇಷ್ಟರಿಂದ ಒಬ್ಬನನ್ನು ಸುಳ್ಳುಗಾರ ಎನ್ನಲಾಗದು. ಸ್ಫೋಟದ ವೇಳೆಯನ್ನು ಅಂತರ್ಜಾಲದಲ್ಲಿ ನೋಡಿದೆ, ತಾಳೆಯಾಯಿತು. ಆದರೂ ಸಾಲದು ಎನ್ನಿಸಿತು. ಅಷ್ಟರಲ್ಲಿ ಸಂಚಾರಿ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುಂದಿನ ಪ್ರವಾಸ ಹಾಕಿದ. ಬರುವ ಎರಡು ಭಾನುವಾರ ಬೀದರ್‌ನಿಂದ ಕೂಗುತ್ತಾನಂತೆ.

ದಿಕ್ಕು ಹುಡುಕಲು ಒಂದು ಆಂಟೆನಾ ಮಾಡಿದೆ. ಮರದ ಚೌಕಟ್ಟಿಗೆ ತಂತಿ ಸುತ್ತಿ, ಒಂದು ಸಣ್ಣ ರಿಸೀವರಿಗೆ ಜೋಡಿಸಿದ್ದು. ಚೌಕಟ್ಟನ್ನು ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಸಿಗ್ನಲ್ ಥಟ್ಟನೆ ಅಡಗುತ್ತದೆ. ಆಗ ಚೌಕಟ್ಟು ಯಾವ ಕಡೆಗೆ ಮುಖ ಮಾಡಿದೆಯೋ ಆ ಗೆರೆಯ ಮೇಲೆಲ್ಲೋ ಕೂಗುವವನಿದ್ದಾನೆ. ಎರಡು ಊರುಗಳಿಂದ ಎರಡು ಗೆರೆ ಎಳೆದರೆ ಅವು ಕೂಡುವ ಜಾಗವೇ ಅವನ ಜಾಗ. ಆಕಾಶದಿಂದ ಬರುವ ಸಿಗ್ನಲ್ ಹೀಗೆ ಚೊಕ್ಕವಾಗಿ ಅಡಗುವುದಿಲ್ಲ.

ಮೊದಲ ಭಾನುವಾರ ಮಹಡಿಯ ಮೇಲೆ ಪ್ರಯತ್ನಿಸಿದೆ. ಪಕ್ಕದಲ್ಲೇ ಕರೆಂಟಿನ ತಂತಿಗಳು. ಯಾವ ಕಡೆ ತಿರುಗಿಸಿದರೂ ಅವುಗಳ ಕೊರೆಯುವ ಸದ್ದು. ಸ್ಕೂಟರ್ ತೆಗೆದುಕೊಂಡು ಊರಾಚೆ ದ್ರಾಕ್ಷಿ ತೋಟವೊಂದರ ಪಕ್ಕ ನಿಂತೆ. ಅಲ್ಲಿ ಸಿಗ್ನಲ್ ಅಡಗಿತು. ಗೆರೆ ಆಗ್ನೇಯಕ್ಕೆ, ಹೊಸಕೋಟೆಯ ಕಡೆಗೆ ಹೋಗುತ್ತಿತ್ತು. ಬೀದರ್ ಇರುವುದು ಉತ್ತರಕ್ಕೆ. ಮತ್ತೊಂದು ಗೆರೆಗಾಗಿ ಬೂದಿಗೆರೆಗೆ ಹೋದೆ. ಅಳೆದು, ನಕ್ಷೆಯ ಮೇಲೆ ಎಳೆದು ನೋಡಿದರೆ ಎರಡನೆಯ ಗೆರೆ ಮೊದಲನೆಯದರ ಮೇಲೆಯೇ ಬಿತ್ತು. ಬೂದಿಗೆರೆ ನಮ್ಮೂರಿನಿಂದ ಅದೇ ದಿಕ್ಕಿನಲ್ಲಿದೆ ಎನ್ನುವುದನ್ನು ಹೊರಡುವ ಮುಂಚೆಯೇ ಯೋಚಿಸಬೇಕಿತ್ತು. ಒಂದು ಭಾನುವಾರ ಹಾಳಾಯಿತು.

ಮುಂದಿನ ವಾರ ಪೂರ್ವಕ್ಕೆ ಸರಿದು ನಂದಗುಡಿಗೆ ಹೋದೆ. ರಾಗಿ ಹೊಲದ ಬದುವಿನ ಮೇಲೆ ಚೌಕಟ್ಟು ಹಿಡಿದು ನಿಂತವಳನ್ನು ಕಂಡು ಒಬ್ಬ ಹೆಂಗಸು ಹತ್ತಿರ ಬಂದಳು.

"ಏನಮ್ಮಾ, ಏರ್‌ಪೋರ್ಟ್‌ನೋರಾ? ಜಮೀನು ಅಳೆಯಾಕ್ ಬಂದ್ರಾ?"

"ಇಲ್ಲಮ್ಮಾ. ರೇಡಿಯೊ."

"ಎಲ್ರೂ ಮೊದ್ಲು ಇಲ್ಲ ಅಂತಾನೇ ಅನ್ನೋದು" ಎಂದು ನಾನು ಹೊರಡುವವರೆಗೂ ಅಲ್ಲೇ ನಿಂತಿದ್ದಳು. ಅವಳ ಮುಂದೆಯೇ ಸಿಗ್ನಲ್ ಅಡಗಿತು. ಈ ಗೆರೆ ನೈಋತ್ಯಕ್ಕೆ ಇಳಿದು ಹಳೆಯ ಗೆರೆಯನ್ನು ಅನುಗೊಂಡನಹಳ್ಳಿಯ ಹತ್ತಿರ ಕೂಡಿತು. ಕಂಡುಹಿಡಿದೆ ಎಂಬ ಸಂತೋಷ ಬರಲಿಲ್ಲ. ಸ್ಕೂಟರನ್ನು ಆ ಕಡೆಗೇ ತಿರುಗಿಸಿದೆ.

ಅವನ ಮನೆಯ ಮುಂದೆ ಟೆಂಪೊ ಇರಲಿಲ್ಲ. ನೀರಿನ ಟ್ಯಾಂಕಿನಿಂದ ನುಗ್ಗೆ ಮರಕ್ಕೆ ತಂತಿ ಎಳೆದಿತ್ತು. ಬಾಗಿಲು ತೆಗೆದ ಅವನ ಹೆಂಡತಿ ನನ್ನ ಕೈಯಲ್ಲಿದ್ದ ರಿಸೀವರ್ ನೋಡಿ ಕೇಳಿದಳು.

"ರೇಡಿಯೋದವರಾ? ಬನ್ನಿ ಅಕ್ಕಾ, ಬನ್ನಿ. ಒಬ್ರಾದ್ರೂ ಬರ್ತಾರೇನೋ ಅಂತ ಕಾಯ್ತಾನೇ ಇದ್ರು."

ಒಳಗೆ ಮೇಜಿನ ಮುಂದೆ ಸಂಚಾರಿ ಕೂತಿದ್ದ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಮೈಕು. "ಬೀದರ್, ಬೀದರ್" ಎನ್ನುತ್ತಿದ್ದವನು ನನ್ನನ್ನು ಕಂಡು ಮೈಕು ಕೆಳಗಿಟ್ಟ. ಎದ್ದು ನಿಲ್ಲಲಿಲ್ಲ. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಗೋಡೆಗೆ ಊರುಗೋಲು ಒರಗಿಸಿತ್ತು. ಹಿಂದೊಮ್ಮೆ ಅವನ ಟೆಂಪೊ ಪಲ್ಟಿ ಹೊಡೆದ ಸುದ್ದಿ ನಮಗೆಲ್ಲ ಗೊತ್ತಿತ್ತು. ಸಣ್ಣ ಪೆಟ್ಟು ಎಂದು ಅವನೇ ಗುಂಪಿನಲ್ಲಿ ಬರೆದಿದ್ದ. ನೋಡಿ ಬರಲು ಯಾರೂ ಹೋಗಿರಲಿಲ್ಲ.

ಹೆಂಡತಿ ಟೀ ಇಟ್ಟು ಹೊರಗೆ ಹೋದಳು.

"ಹೆಂಗ್ ಗೊತ್ತಾಯ್ತಕ್ಕಾ?" ಎಂದ.

ಆಕಾಶ ಮುಚ್ಚಿದ ಬೆಳಗಿನ ಬಗ್ಗೆ ಹೇಳಿದೆ. ತಲೆಯಾಡಿಸಿದ.

"ಅವತ್ತು ನಂಗೂ ಹೊಳೀಬೇಕಿತ್ತು. ಎಲ್ರೂ ಒಟ್ಟಿಗೇ ಹೋಗ್ಬಿಟ್ರಲ್ಲ, ಗಾಬರಿ ಆಗ್ಬಿಡ್ತು." ತಾನೇ ಮುಂದುವರಿಸಿದ. "ಆಸ್ಪತ್ರೆಯಿಂದ ಬಂದ್ಮೇಲೆ ದಿನಾ ಮನೆಯಿಂದ್ಲೇ ಕೂಗ್ದೆ ಅಕ್ಕಾ. ಎಲ್ಲಿದ್ದೀಯ ಅನ್ನೋರು. ಮನೇಲಿದ್ದೀನಿ ಅಂದ್ರೆ, ಸರಿ ಗುರು, ಮತ್ತೆ ಸಿಗೋಣ ಅಂತ ಹೋಗ್ಬಿಡೋರು. ಒಂದಿನ ಸುಮ್ನೆ ಬಾಯಿಗೆ ಬಂತು, ರಾಯಚೂರು ಅಂದ್ಬಿಟ್ಟೆ. ಸಾಯಂಕಾಲದವರ್ಗೂ ಜನ ಬಿಡ್ಲಿಲ್ಲ."

"ಅದನ್ನ ನಂಬಿ ಎಷ್ಟು ಜನ ಫಲಕ ತಗೊಂಡಿದ್ದಾರೆ ಗೊತ್ತಾ?"

"ಗೊತ್ತು. ಎಲ್ಲಾ ಕ್ಯಾನ್ಸಲ್ ಮಾಡಿ. ನನ್ ಹೆಸ್ರು ತೆಗ್ದಾಕಿ. ಮೇಷ್ಟ್ರುದು ಒಂದು ಮಾತ್ರ ಬಿಟ್ಬಿಡಿ. ಆ ಮನುಷ್ಯ ಇನ್ನೆಷ್ಟು ದಿನ ಇರ್ತಾರೆ? ಅವರಿಗೋಸ್ಕರಾನೇ ಯಾದಗಿರಿ ಅಂದಿದ್ದು. ದಮ್ಮಯ್ಯ ಅಂತೀನಿ ಅಕ್ಕಾ."

ರಿಸೀವರ್ ಎತ್ತಿಕೊಂಡು ಬಂದುಬಿಟ್ಟೆ. ಆ ವಾರ ಲ್ಯಾಬಿನಲ್ಲಿ ಹುಡುಗರು ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಡುತ್ತಿದ್ದೆ. ಅಧ್ಯಕ್ಷರಿಗೆ ಎಲ್ಲವನ್ನೂ ತಿಳಿಸಿದೆ. ಅವರೂ ಸಂಚಾರಿಯ ಮಾತನ್ನೇ ಆಡಿದರು. "ಉಳಿದವರದೆಲ್ಲ ರದ್ದು ಮಾಡು. ಮೇಷ್ಟ್ರುದಕ್ಕೆ ಕಣ್ಮುಚ್ಕೋ. ಯಾರೂ ಕೇಳಲ್ಲ."

ಯಾರೂ ಕೇಳುವುದಿಲ್ಲ ಎನ್ನುವುದು ನಿಜ. ಆದರೆ ಅದೇ ಬೆಳಿಗ್ಗೆ ಅದೇ ಸುಳ್ಳು ಯಾದಗಿರಿಯನ್ನು ಹಿಡಿದ ಧಾರವಾಡದವರಿಗೆ ತಪ್ಪು ಎಂದು ಬರೆದು, ಮೇಷ್ಟ್ರಿಗೆ ಸರಿ ಎಂದು ಬರೆಯುವುದು ಹೇಗೆ? ಅವರು ನನಗೆ ಬೇಕಾದವರು ಎನ್ನುವುದನ್ನು ಬಿಟ್ಟರೆ ಬೇರೆ ಕಾರಣ ಸಿಗಲಿಲ್ಲ. ಬೇಕಾದವರಿಗೆ ಒಂದು ನಿಯಮವಾದರೆ ಪರಿಶೀಲಿಸುವವಳೇ ಬೇಡ. ಎಲ್ಲವನ್ನೂ ರದ್ದು ಮಾಡಿದೆ. ಮೇಷ್ಟ್ರಿಗೆ ಮಾತ್ರ ಪತ್ರದಲ್ಲಿ ತಿಳಿಸಲು ಮನಸ್ಸಾಗದೆ ವಿಜಯಪುರದ ಬಸ್ಸು ಹತ್ತಿದೆ.

ಅವರ ಮಂಚದ ಪಕ್ಕದಲ್ಲಿ ರೇಡಿಯೊ, ಇನ್ನೊಂದು ಪಕ್ಕದಲ್ಲಿ ಆಮ್ಲಜನಕದ ಯಂತ್ರ. ಆ ಯಂತ್ರದ ಮೋಟಾರು ಓಡುತ್ತಿದ್ದರೆ ರೇಡಿಯೊ ತುಂಬ ಕರಕರ ಸದ್ದು, ಅದಕ್ಕೇ ದೂರದ ಕೇಂದ್ರ ಕೇಳಬೇಕಾದಾಗ ಅಪ್ಪ ಅದನ್ನು ನಿಲ್ಲಿಸಿಬಿಡುತ್ತಾರೆ ಎಂದು ಮಗಳು ದೂರಿದಳು. ಅವಳು ಒಳಗೆ ಹೋದ ಮೇಲೆ ವಿಷಯ ಹೇಳಿದೆ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು.

"ಕಾಲು ತೆಗೆದುಬಿಟ್ರಾ?" ಎಂದರು ಮೊದಲು.

"ಹೌದು ಸರ್."

ಆಮೇಲೆ ಅವರ ದನಿ ಗಡಸಾಯಿತು. "ಅವನು ಸುಳ್ಳು ಹೇಳ್ದ, ಸರಿ. ನಾನೇನಮ್ಮ ಸುಳ್ಳು ಹೇಳ್ದೆ? ಅವನು ಕೂಗ್ದ, ನಾನು ಉತ್ತರ ಕೊಟ್ಟೆ."

"ನೀವು ಸುಳ್ಳು ಹೇಳ್ಲಿಲ್ಲ ಸರ್. ಆದ್ರೆ ಅದು ಯಾದಗಿರಿ ಅಲ್ಲ."

"ನೀನು ಸ್ವಲ್ಪ ದಿನ ಕಾಯ್ಬೋದಿತ್ತು."

ಅದರ ಅರ್ಥ ಇಬ್ಬರಿಗೂ ತಿಳಿದಿತ್ತು. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿ, ಹೋಗು ಎನ್ನುವಂತೆ ಕೈಯಾಡಿಸಿದರು. ಬಸ್ ನಿಲ್ದಾಣಕ್ಕೆ ನಡೆದೆ.

ಬಳಗದ ಗುಂಪಿನಲ್ಲಿ ಸಂಚಾರಿಯನ್ನು ಬಾಯಿಗೆ ಬಂದಂತೆ ಬೈದರು. ಒಂದೊಂದು ಜಿಲ್ಲೆಗೂ ಅವನನ್ನು ಹೊಗಳಿದವರೇ. ಅವನು ಒಂದು ಮಾತೂ ಬರೆಯದೆ ಗುಂಪಿನಿಂದ ಹೊರಗೆ ಹೋದ. ಗಾಳಿಯಲ್ಲೂ ಸುದ್ದಿಯಿಲ್ಲ. ಒಂದು ಸಂಜೆ ಅವನೇ ಫೋನ್ ಮಾಡಿದ.

"ಅಕ್ಕಾ, ನೀವೇ ಯಾದಗಿರಿಗೆ ಹೋಗಿ. ನಿಜ್ವಾಗ್ಲೂ ಹೋಗಿ. ನನ್ ಕಂಬ, ಬ್ಯಾಟರಿ, ತಂತಿ ಎಲ್ಲಾ ಹಂಗೇ ಮೂಟೆ ಕಟ್ಟಿಟ್ಟಿದ್ದೀನಿ, ತಗೊಂಡೋಗಿ. ಮೇಷ್ಟ್ರಿಗೆ ಕೊಡಿ."

ನನಗೆ ಅದು ಹೊಳೆದೇ ಇರಲಿಲ್ಲ. ಪರಿಶೀಲಿಸುವವಳು ತಾನು ಹೋಗಬಹುದು ಎಂದು ಎಂದೂ ಯೋಚಿಸಿದವಳಲ್ಲ. ಮೇಷ್ಟ್ರ ಮಗಳಿಗೆ ತಿಳಿಸಿದೆ. ಮೇಷ್ಟ್ರು ಹೂಂ ಅಂದರು ಎಂದಳು. ಕಾಲೇಜಿಗೆ ರಜೆ ಹಾಕಿ ರೈಲು ಹತ್ತಿದೆ.

ಯಾದಗಿರಿಯಲ್ಲಿ ಊರಾಚೆಯ ಬಯಲಿನಲ್ಲಿ ಕಂಬ ನಿಲ್ಲಿಸಿದೆ. ಎಲ್ಲಿ ಗೂಟ ಹೊಡೆಯಬೇಕು, ತಂತಿಯನ್ನು ಎಷ್ಟು ಇಳಿಜಾರಾಗಿ ಕಟ್ಟಬೇಕು ಎಂದು ಸಂಚಾರಿ ಫೋನಿನಲ್ಲಿ ಹೇಳುತ್ತಿದ್ದ. ಕಲ್ಲು ನೆಲ, ಗೂಟ ಇಳಿಯುವುದಿಲ್ಲ. ಬಿಸಿಗಾಳಿಗೆ ಕಂಬ ಎರಡು ಬಾರಿ ಮಲಗಿತು. ಕೊನೆಗೆ ಕಲ್ಲುಗಳನ್ನು ಪೇರಿಸಿ ನಿಲ್ಲಿಸಿದ್ದಾಯಿತು. ಕೂಗಿದ ತಕ್ಷಣ ಜನ ಮುತ್ತಿದರು. ದಯವಿಟ್ಟು ಸುಮ್ಮನಿರಿ, ಮೊದಲು ವಿಜಯಪುರ ಎಂದು ಕೇಳಿಕೊಂಡೆ. ಎಲ್ಲರಿಗೂ ಯಾಕೆಂದು ಗೊತ್ತಿತ್ತು. ಬ್ಯಾಂಡ್ ಸ್ತಬ್ಧವಾಯಿತು.

ಮೇಷ್ಟ್ರ ದನಿ ಕೇಳಿಸಲಿಲ್ಲ. ಮೋರ್ಸ್‌ಗೆ ಬದಲಾಯಿಸಿದೆ. ಎಲ್ಲೋ ದೂರದ ಸಿಡಿಲು ರೇಡಿಯೊದಲ್ಲಿ ಎಬ್ಬಿಸುತ್ತಿದ್ದ ಚಟಪಟದ ಅಡಿಯಲ್ಲಿ ಏನೋ ಒಂದು ಎಳೆ. ಅವರ ಕೈ. ಉದ್ದ ಗೆರೆಯನ್ನು ಸ್ವಲ್ಪ ಹೆಚ್ಚೇ ಎಳೆದು ಒತ್ತುವ ಆ ಕೈ ನನಗೆ ಎಲ್ಲಿದ್ದರೂ ಗೊತ್ತಾಗುತ್ತದೆ. ಕರೆಸಂಕೇತ ಪೂರ್ತಿ ಬಂತು. ನನ್ನದನ್ನು ಕಳಿಸಿ, ಸಿಗ್ನಲ್ ಹೇಗಿದೆಯೆಂದು ತಿಳಿಸಿ, ನನ್ನ ಸಂಖ್ಯೆಯನ್ನು ಮತ್ತೆ ಮತ್ತೆ ಕಳಿಸಿದೆ. ತಲುಪಿತು ಎಂದು ಬಂತು. ಸಿಗ್ನಲ್ ಬಗ್ಗೆ ಅವರು ಹೇಳಿದ್ದೂ ಬಂತು. ಇನ್ನುಳಿದದ್ದು ಅವರ ಸಂಖ್ಯೆ. ಅದು ಶುರುವಾಗುತ್ತಲೇ ಚಟಪಟ ಮೇಲೆದ್ದಿತು. ಮತ್ತೆ ಕಳಿಸಿ ಎಂದೆ. ಚುಕ್ಕೆಯೊಂದು, ಗೆರೆಯೊಂದು, ಅಷ್ಟೆ. ಮತ್ತೆ ಕಳಿಸಿ. ಏನೂ ಇಲ್ಲ.

ಬ್ಯಾಟರಿ ಇಳಿಯುವವರೆಗೂ ಕರೆದೆ. ಸಂಜೆಯ ಬೆಳಕಿನಲ್ಲಿ ತಂತಿ ಸುತ್ತುತ್ತಿದ್ದಾಗ ಮೇಷ್ಟ್ರ ಮಗಳ ಫೋನು ಬಂತು.

"ಅಕ್ಕಾ, ಅಪ್ಪ ನಿಮ್ಮನ್ನ ಕೇಳಿಸ್ಕೊಂಡ್ರಂತೆ. ಮಿಷನ್ ಆಫ್ ಮಾಡ್ಕೊಂಡು ಕೂತಿದ್ರು, ಈಗ ತುಂಬ ಸುಸ್ತಾಗಿದ್ದಾರೆ. ಆಯ್ತಾ ಅಂತ ಕೇಳು ಅಂತಿದ್ದಾರೆ."

"ಅವರ ಸಂಖ್ಯೆ ನಂಗೆ ಸಿಗ್ಲಿಲ್ಲಮ್ಮ."

"ಅದಾ? ಇಲ್ಲೇ ಬರ್ಕೊಂಡಿದ್ದಾರೆ. ಹೇಳ್ಲಾ?"

ಬಯಲಿನಲ್ಲಿ ನಾನೊಬ್ಬಳೇ. ಅವಳು ಹೇಳಿದ್ದನ್ನು ಬರೆದುಕೊಂಡರೆ ಮುಗಿಯಿತು. ಪರಿಶೀಲಿಸುವವಳೂ ನಾನೇ.

"ಹೇಳ್ಬೇಡಮ್ಮ" ಎಂದೆ.

"ಯಾಕಕ್ಕಾ?"

"ಗಾಳಿಯಲ್ಲೇ ಬರ್ಬೇಕು. ಅಪ್ಪಂಗೆ ಗೊತ್ತು. ನಾಳೆ ಬೆಳಿಗ್ಗೆ ಮತ್ತೆ ಕೂಗ್ತೀನಿ ಅಂತ ಹೇಳು."

ಅವಳು ಫೋನನ್ನು ದೂರ ಹಿಡಿದು ಅಪ್ಪನಿಗೆ ಹೇಳುವುದು ಕೇಳಿಸಿತು. ಅವರ ಉತ್ತರ ಕೇಳಿಸಲಿಲ್ಲ. "ಸರಿ ಅಂದ್ರು" ಎಂದು ಹೇಳಿ ಇಟ್ಟುಬಿಟ್ಟಳು.

ಬೆಳಿಗ್ಗೆ ಆಕಾಶ ಎಷ್ಟು ತಿಳಿಯಾಗಿತ್ತೆಂದರೆ ಬೆಂಗಳೂರಿನ ಸುತ್ತಲಿನ ಕ್ಷೀಣ ಕೇಂದ್ರಗಳೂ ಸ್ಪಷ್ಟವಾಗಿ ಬರುತ್ತಿದ್ದವು. ಮೇಷ್ಟ್ರ ಕರೆಸಂಕೇತವನ್ನು ಕೂಗಿದೆ, ಕಾದೆ, ಮತ್ತೆ ಕೂಗಿದೆ. ಬಳಗದವರು ಯಾರೂ ನಡುವೆ ಬಾಯಿ ಹಾಕಲಿಲ್ಲ. ಬಿಸಿಲೇರಿದ ಮೇಲೆ ಮಗಳ ಸಂದೇಶ ನೋಡಿದೆ. ಉಸಿರು ಕಟ್ಟಿ ಬೆಳಗಿನ ಜಾವವೇ ಆಸ್ಪತ್ರೆಗೆ ಸೇರಿಸಿದ್ದರು. ಉಳಿದವರೆಲ್ಲ ಕಾಯುತ್ತಿದ್ದರು. ಮಧ್ಯಾಹ್ನದವರೆಗೆ ಕೂತು ಒಬ್ಬೊಬ್ಬರಿಗೂ ಯಾದಗಿರಿ ಕೊಟ್ಟೆ. ಒಬ್ಬೊಬ್ಬರೂ ಧನ್ಯವಾದ ಹೇಳಿದರು.

ಮೇಷ್ಟ್ರು ಮನೆಗೆ ಮರಳಲಿಲ್ಲ. ಅವರ ಅರ್ಜಿಯ ಮೇಲೆ ಅಪೂರ್ಣ ಎಂದು ಬರೆದು ಸಹಿ ಹಾಕಿದೆ.

ಮಣ್ಣಿನ ದಿನ ಸಂಚಾರಿ ಆಟೊದಲ್ಲಿ ಬಂದಿದ್ದ. ಊರುಗೋಲು ಮಣ್ಣಿನಲ್ಲಿ ಹೂತುಕೊಳ್ಳುತ್ತಿತ್ತು. ನನ್ನ ತೋಳು ಹಿಡಿದುಕೊಂಡ. ಬಳಗದವರು ಅವನಿಂದ ದೂರ ನಿಂತಿದ್ದರು, ನನ್ನಿಂದಲೂ. ಎಲ್ಲ ಮುಗಿದು ಜನ ಕರಗಿದ ಮೇಲೆ ಮೆಲ್ಲಗೆ ಕೇಳಿದ.

"ಅವತ್ತು ಆ ನಂಬರು ಕೇಳ್ಕೊಂಡ್ಬಿಡ್ಬೋದಿತ್ತಲ್ವಾ ಅಕ್ಕಾ?"

"ಕೇಳ್ಬೋದಿತ್ತು" ಎಂದೆ.

ಇಬ್ಬರೂ ನಿಧಾನವಾಗಿ ಆಟೊದ ಕಡೆಗೆ ನಡೆದೆವು.